ಎರಡೇ ಎಣ್ಣೆಯಲ್ಲಿ ಸೋನಾ ಭತ್ತ: ನನ್ನ ಅನುಭವ

ಗಂಗಾವತಿ ಕಡೆ, ತುಂಗಭದ್ರಾ ಎಡದಂಡೆ ಕಾಲುವೆ ಕೆಳಗೆ ನನ್ನದು 7-8 ಎಕರೆ ಸೋನಾ. ಈ ಮುಂಗಾರಿಗೆ ಎರಡೇ ಎಣ್ಣೆ (ಹುಳ, ರೋಗಕ್ಕೆ ಸಿಂಪಡಿಸುವ ಔಷಧಿಗೆ ನಮ್ಮ ಕಡೆ ಹೀಗೇ ಅನ್ನೋದು) ಹೊಡೆದೆ. ಸುತ್ತಮುತ್ತ ಐದಾರು ಆಗಿವೆ. "ಹುಳ ಎಣಿಸಾಕ ಗದ್ದಿ ಮಾಡಿಯೇನು ತಮ್ಮಾ?" ಅಂತ ನಕ್ಕಿದ್ದ ಪಕ್ಕದ ಗದ್ದೆಯ ಕಾಕಾ ಈಗ ಲೆಕ್ಕ ಕೇಳುತ್ತಿದ್ದಾರೆ.

ಮೊದಲು ಎಣ್ಣೆ ಅಂಗಡಿಯವರು ಚೀಟಿ ಬರೆದುಕೊಟ್ಟರೆ ಮುಗಿಯಿತು. ನಾಟಿಯಾಗಿ ಇಷ್ಟು ದಿನಕ್ಕೆ ಇದು, ಇಷ್ಟಕ್ಕೆ ಅದು. ಗದ್ದೆಗೆ ಇಳಿಯೋದೇ ಬೇಡ. ತಲೆ ಮಾತ್ರ ಬೇಡದ ಕಡೆ ಓಡುತ್ತಿತ್ತು: ಯಾವ ಕಂಪನಿ ಡಿಎಪಿ, ಯಾರ ಟ್ರ್ಯಾಕ್ಟರ್ ಅಂತ ಚಹಾದಂಗಡಿಯಲ್ಲಿ ವಾರಗಟ್ಟಲೆ ಚರ್ಚೆ. ನಾನು ಇದನ್ನು ತಿರುವುಮುರುವು ಮಾಡಿದೆ. ಬೀಜ, ಗೊಬ್ಬರ, ಟ್ರ್ಯಾಕ್ಟರ್ ಎಲ್ಲ ಒಂದೇ ಸಂಜೆ ತೀರ್ಮಾನ, ಮತ್ತೆ ಅದರ ಮಾತಿಲ್ಲ. ಉಳಿದ ಹೊತ್ತು ಗದ್ದೆಗೆ. ವಾರಕ್ಕೆ ಎರಡು ಬೆಳಗ್ಗೆ, ಫೋನ್ ಮನೆಯಲ್ಲಿಟ್ಟು.

ಭತ್ತದ ಬುಡ ಬಗ್ಗಿಸಿ ತಟ್ಟಿದರೆ ಜಿಗಿ, ಅಂದರೆ ರಸ ಹೀರುವ ಕಂದು ಜಿಗಿಹುಳ, ನೀರಿಗೆ ಬೀಳುತ್ತದಲ್ವಾ, ಅದನ್ನು ಎಣಿಸುತ್ತೇನೆ. ಬುಡಕ್ಕೆ 10ರ ಹತ್ತಿರ ಬಂದರೆ ಮಾತ್ರ ಎಣ್ಣೆ. ಜಿಗಿ ತಿನ್ನುವ ಜೇಡ ಚೆನ್ನಾಗಿದ್ದರೆ ಇನ್ನೆರಡು ದಿನ ತಡೆಯುತ್ತೇನೆ. ಎಲ್ಲೆಲ್ಲಿ ತಟ್ಟಬೇಕು ಅನ್ನೋದನ್ನು ಪೂರ್ತಿ ಬಿಡಿಸಿ ಹೇಳೋದಿಲ್ಲ, ಅದನ್ನು ದುಡ್ಡು ಕೊಟ್ಟು ಕಲಿತಿದ್ದೇನೆ. ಯೂರಿಯಾ ಜಾಸ್ತಿ ಬಿದ್ದು ಪೈರು ಕಪ್ಪು ಹಸಿರಾದ ಕಡೆಯಿಂದ ಶುರು ಮಾಡಿ, ಅಷ್ಟು ಸಾಕು.

ದುಡ್ಡು ಅಂದೆನಲ್ಲ. ಹಿಂದೊಂದು ಬೇಸಿಗೆ ಬೆಳೆಗೆ ಚೀಟಿ ಪ್ರಕಾರ ಪೈರಿಥ್ರಾಯ್ಡ್ ಅನ್ನೋ ಜಾತಿಯ ಕೀಟನಾಶಕ ಎಣ್ಣೆ ಬಿತ್ತು. ಜೇಡ ಸತ್ತವು, ಜಿಗಿ ಹೆಚ್ಚಿತು. ಸ್ವಲ್ಪ ದಿನದಲ್ಲೇ ಗದ್ದೆ ನಡುವೆ ಸುಟ್ಟ ಹಾಗೆ ಚಕ್ರಗಳು. ಅದಕ್ಕೆ ಇನ್ನೂ ದುಬಾರಿ ಎಣ್ಣೆ. ಎಕರೆಗೆ ಸುಮಾರು 8 ಸಾವಿರ ಎಣ್ಣೆಗೇ ಹೋಯಿತು, ಬಂದದ್ದು 25 ಚೀಲ. ಈ ಸಲ ಆಳು ಸೇರಿ 3 ಸಾವಿರ ದಾಟಿಲ್ಲ. ಎಕರೆಗೆ ಚೀಲ 40ರ ಹತ್ತಿರ, 75 ಕೆಜಿ ಲೆಕ್ಕದಲ್ಲಿ.

ಹಿಂದೊಮ್ಮೆ ಡ್ರೋನ್ ಕೂಡ ತರಿಸಿದ್ದೆ. ಎಕರೆಗೆ ಹತ್ತು ನಿಮಿಷ, 10 ಲೀಟರ್ ನೀರು. ನೋಡೋಕೆ ಚೆಂದ. ಆದರೆ ಜಿಗಿ ಕೂರೋದು ನೀರಿನ ಮಟ್ಟದ ಬುಡದಲ್ಲಿ, ಡ್ರೋನಿನ ಎಣ್ಣೆ ನಿಲ್ಲೋದು ಮೇಲಿನ ಎಲೆಯಲ್ಲಿ. ಬಾಡಿಗೆ ಹೋಯಿತು, ಜಿಗಿ ಹೋಗಲಿಲ್ಲ. ಈಗ ನೀರು ಬಸಿದು ಸ್ಪ್ರೇ ಗನ್ ಬುಡಕ್ಕೇ ಹಿಡಿಸುತ್ತೇನೆ. ಆರೇಳು ಅಡಿಗೊಂದು ಓಣಿ ಬಿಟ್ಟಿದ್ದಕ್ಕೆ "ಜಾಗ ಸುಮ್ನೆ ಹಾಳು" ಅಂದವರಿದ್ದಾರೆ. ಗಾಳಿಯೂ ಆಡುತ್ತದೆ, ಆಳೂ ಓಡಾಡುತ್ತಾನೆ.

ಬೆಂಕಿ ರೋಗಕ್ಕೆ (ಎಲೆ, ತೆನೆ ಸುಡುವ ಶಿಲೀಂಧ್ರ ರೋಗ) ಮಾತ್ರ ಈ ತಾಳ್ಮೆ ನಡೆಯೋದಿಲ್ಲ. ತೆನೆಯ ಕುತ್ತಿಗೆಗೆ ಬಂದ ಮೇಲೆ ನೋಡಿ ಏನು ಮಾಡ್ತೀರಿ? ತಂಪು ರಾತ್ರಿ, ಇಬ್ಬನಿ, ಎಲೆಯಲ್ಲಿ ಕಣ್ಣಿನ ಆಕಾರದ ಚುಕ್ಕೆ ಕಂಡರೆ ತೆನೆ ಇಣುಕುವಾಗಲೇ ಹೊಡೆಯಿರಿ. ನನ್ನ ಎರಡರಲ್ಲಿ ಒಂದು ಅದೇ, ಇನ್ನೊಂದು ಜಿಗಿಗೆ.

ಲೆಕ್ಕ ಬರೆಯೋಕೆ ಪುಸ್ತಕ ಇಟ್ಟೆ, ಒದ್ದೆಯಾಯಿತು. ಈಗ ಶೆಡ್ಡಿನ ಗೋಡೆಗೆ ಸೀಮೆಸುಣ್ಣ. ಬರುವ ಬೆಳೆಗೆ ಒಂದೆಕರೆ ಆರ್‌ಎನ್‌ಆರ್ ಹಾಕುವವನಿದ್ದೇನೆ. ಬೆಂಕಿ ರೋಗ ತಡೆಯುವ ತಳಿ. ಅದು ಗೆದ್ದರೆ ಬೆಂಕಿ ರೋಗದ ಎಣ್ಣೆಯ ಖರ್ಚೂ ಉಳಿಯುತ್ತದೆ. ಮಿಲ್‌ನವರು ಏನು ದರ ಹೇಳುತ್ತಾರೋ ನೋಡಬೇಕು.