ಕ್ರಿಪ್ಟೊ ಪಾವತಿ ಪಕ್ಕಾ ಆಯಿತೇ? ನೋಡುವುದು ಹೀಗೆ

ವಾಲೆಟ್‌ನಲ್ಲಿ ಹಸಿರು ಟಿಕ್ ಕಂಡ ಕೂಡಲೇ ಸರಕು ಕಳಿಸಿಬಿಡುವವರಿದ್ದಾರೆ. ಯಾವ ನಾಣ್ಯವೇ ಇರಲಿ, ‘ಆರು ಕನ್ಫರ್ಮೇಶನ್ ಆಗಲಿ’ ಎಂದು ಕೂರುವವರೂ ಇದ್ದಾರೆ. ಪಾವತಿಗಳ ಕಂತೆಗೆ ಬ್ಲಾಕ್ ಎನ್ನುತ್ತಾರೆ, ಬ್ಲಾಕ್‌ಗಳು ಒಂದರ ಮೇಲೊಂದು ಸೇರಿ ಸರಪಳಿಯಾಗುತ್ತವೆ. ನಿಮ್ಮ ಪಾವತಿ ಇರುವ ಬ್ಲಾಕ್ ಒಂದು ಕನ್ಫರ್ಮೇಶನ್, ಅದರ ಮೇಲೆ ಬರುವ ಒಂದೊಂದು ಬ್ಲಾಕೂ ಇನ್ನೊಂದು. ಆರರ ಲೆಕ್ಕ ಬಿಟ್‌ಕಾಯಿನ್‌ನದು. ಅಲ್ಲಿ ಬ್ಲಾಕಿಗೆ ಸರಾಸರಿ 10 ನಿಮಿಷ, ಆರಕ್ಕೆ ಒಂದು ಗಂಟೆ. ಬೇರೆ ನಾಣ್ಯಕ್ಕೆ ಅದನ್ನೇ ಅಂಟಿಸಿದರೆ ಕೈ ಸುಡುತ್ತದೆ.

ಹಂತ 1: ನಾಣ್ಯದ ಬಗೆ ತಿಳಿಯಿರಿ. ಬಿಟ್‌ಕಾಯಿನ್, ಲೈಟ್‌ಕಾಯಿನ್, ಎಥೀರಿಯಂ ಕ್ಲಾಸಿಕ್ ಪ್ರೂಫ್ ಆಫ್ ವರ್ಕ್, ಅಂದರೆ ಯಂತ್ರಗಳು ಲೆಕ್ಕದ ಪೈಪೋಟಿ ನಡೆಸಿ ಬ್ಲಾಕ್ ಕಟ್ಟುವ ಬಗೆ. ಎಥೀರಿಯಂ 2022ರ ಸೆಪ್ಟೆಂಬರ್ 15ರಿಂದ ಪ್ರೂಫ್ ಆಫ್ ಸ್ಟೇಕ್, ಅಂದರೆ ನಾಣ್ಯವನ್ನು ಠೇವಣಿ ಇಟ್ಟವರು ಮತ ಹಾಕಿ ಬ್ಲಾಕ್ ಒಪ್ಪುವ ಬಗೆ.

ಹಂತ 2: ಪ್ರೂಫ್ ಆಫ್ ವರ್ಕ್ ಆದರೆ ಖರ್ಚು ಲೆಕ್ಕಹಾಕಿ. ಇಲ್ಲಿ ಪಾವತಿ ನೂರಕ್ಕೆ ನೂರು ಖಾಯಂ ಎಂಬುದೇ ಇಲ್ಲ. ಮೇಲೆ ಬ್ಲಾಕ್ ಪೇರಿಸಿದಷ್ಟೂ ಅದನ್ನು ಅಳಿಸುವುದು ದುಬಾರಿಯಾಗುತ್ತದೆ, ಅಷ್ಟೆ. ಒರಟು ಅಳತೆ ಹೀಗಿದೆ: ಬಿಟ್‌ಕಾಯಿನ್‌ನಲ್ಲಿ 2024ರ ಏಪ್ರಿಲ್‌ನಿಂದ ಒಂದು ಬ್ಲಾಕ್ ಕಟ್ಟಿದವರಿಗೆ ಸಿಗುವ ಬಹುಮಾನ 3.125 ಬಿಟ್‌ಕಾಯಿನ್, ಆರಕ್ಕೆ 18.75. ನಿಮ್ಮ ಮೊತ್ತ ಇದರ ಹತ್ತಿರ ಬಂದರೂ ಇನ್ನಷ್ಟು ಬ್ಲಾಕ್ ಕಾಯಿರಿ. ಏಕೆಂದರೆ ಪಾವತಿ ಅಳಿಸಲು ಹೊರಟ ದಾಳಿಕೋರ ಗೆದ್ದರೆ ಆ ಬಹುಮಾನವೂ ಅವನಿಗೇ ಸೇರುತ್ತದೆ.

ಇನ್ನೊಂದು ಪ್ರಶ್ನೆ: ಇದೇ ಅಲ್ಗಾರಿದಂ (ಯಂತ್ರಗಳು ಮಾಡುವ ಲೆಕ್ಕದ ವಿಧಾನ) ಬಳಸುವ ದೊಡ್ಡ ನಾಣ್ಯ ಬೇರೆ ಇದೆಯೇ? ಇದ್ದರೆ ಅಲ್ಲಿನ ಯಂತ್ರಗಳನ್ನು ಕೆಲವು ಗಂಟೆ ಬಾಡಿಗೆಗೆ ಪಡೆದು ಚಿಕ್ಕದರ ಮೇಲೆ ಎರಗಬಹುದು. 2020ರ ಆಗಸ್ಟ್‌ನಲ್ಲಿ ಎಥೀರಿಯಂ ಕ್ಲಾಸಿಕ್‌ಗೆ ಮತ್ತೆಮತ್ತೆ ಆದದ್ದು ಇದೇ. ಒಂದೊಂದು ದಾಳಿಗೂ ಸಾವಿರಾರು ಬ್ಲಾಕ್ ಮಗುಚಿದವು. ಬಾಡಿಗೆಗೆ ತಂದವನಿಗೆ ನಾಣ್ಯದ ಬೆಲೆ ಕುಸಿದರೂ ಚಿಂತೆಯಿಲ್ಲ, ಯಂತ್ರ ಅವನದಲ್ಲವಲ್ಲ. ಇಂಥ ಸಣ್ಣ ನಾಣ್ಯದಲ್ಲಿ ದೊಡ್ಡ ಮೊತ್ತ ಬೇಡವೇ ಬೇಡ.

ಹಂತ 3: ಪ್ರೂಫ್ ಆಫ್ ಸ್ಟೇಕ್ ಆದರೆ ಎಣಿಕೆ ಬಿಡಿ, ‘ಫೈನಲೈಸ್ಡ್’ (ಅಂತಿಮವಾಯಿತು) ಪದ ಹುಡುಕಿ. ಹೆಚ್ಚಿನವರು ಎಡವುವುದು ಇಲ್ಲೇ. ಎಥೀರಿಯಂನಲ್ಲಿ ಒಂದು ಬ್ಲಾಕಿಗೆ ಮೀಸಲಾದ ಸಮಯವೇ ಸ್ಲಾಟ್. ಸ್ಲಾಟ್ ಒಂದಕ್ಕೆ 12 ಸೆಕೆಂಡ್, 32 ಸ್ಲಾಟ್ ಸೇರಿದರೆ ಒಂದು ಇಪಾಕ್, ಅಂದರೆ 6 ನಿಮಿಷ 24 ಸೆಕೆಂಡ್. ಠೇವಣಿಯ ಮೂರನೇ ಎರಡರಷ್ಟು ಪಾಲು ಮತ ಹಾಕಿದ ಮೇಲೆ ಬ್ಲಾಕ್ ಮೊದಲು ‘ಜಸ್ಟಿಫೈಡ್’ (ಮೊದಲ ಸುತ್ತಿನ ಒಪ್ಪಿಗೆ) ಆಗಿ, ಬಳಿಕ ‘ಫೈನಲೈಸ್ಡ್’ ಆಗುತ್ತದೆ. ಪಾವತಿ ಇಪಾಕ್‌ನ ಕೊನೆಗೆ ಬಿದ್ದಿದ್ದರೆ 13 ನಿಮಿಷ, ಆರಂಭದಲ್ಲಿ ಬಿದ್ದಿದ್ದರೆ 19 ನಿಮಿಷ ಹಿಡಿಯುತ್ತದೆ. ಆಮೇಲೆ ಅದನ್ನು ತಿರುಗಿಸಲು ಹೊರಟರೆ ಒಟ್ಟು ಠೇವಣಿಯ ಮೂರನೇ ಒಂದು ಭಾಗವಾದರೂ ದಂಡಕ್ಕೆ ಸಿಕ್ಕಿಬೀಳುತ್ತದೆ. ಬಾಡಿಗೆ ಯಂತ್ರದವನಿಗೆ ಈ ನಷ್ಟದ ಭಯವಿಲ್ಲ.

ನೋಡುವ ಕ್ರಮ ಸರಳ. ನೋಡ್‌ಗೆ (ಸರಪಳಿಯ ಪ್ರತಿ ಇಟ್ಟುಕೊಂಡು ಪರೀಕ್ಷಿಸುವ ಕಂಪ್ಯೂಟರ್) ‘ಫೈನಲೈಸ್ಡ್’ ಎಂಬ ಟ್ಯಾಗ್ ಕೊಟ್ಟು ಬ್ಲಾಕ್ ಸಂಖ್ಯೆ ಕೇಳಿ. ತೀರಾ ಹೊಸ ಬ್ಲಾಕ್ ತೋರಿಸುವ ‘ಲೇಟೆಸ್ಟ್’ ಟ್ಯಾಗ್ ಬೇಡ. ನಿಮ್ಮ ಪಾವತಿಯ ಬ್ಲಾಕ್ ಸಂಖ್ಯೆ ಅದಕ್ಕೆ ಸಮ ಅಥವಾ ಕಡಿಮೆ ಇರಬೇಕು. ಆಗ ಪಾವತಿಯ ರಸೀದಿಯನ್ನು ನೋಡ್‌ನಿಂದ ಹೊಸದಾಗಿ ತರಿಸಿಕೊಳ್ಳಿ. ನಡುವೆ ಸರಪಳಿ ಬದಲಾಗಿದ್ದರೆ ಪಾವತಿ ಬೇರೆ ಬ್ಲಾಕಿಗೆ ಹೋಗಿರಬಹುದು, ಮಾಯವೂ ಆಗಿರಬಹುದು. ಒಂದೇ ಕನ್ಫರ್ಮೇಶನ್‌ಗೆ ‘ಪಾವತಿಯಾಗಿದೆ’ ಎನ್ನುವ ಪ್ಲಗಿನ್ ಬಳಸುತ್ತಿದ್ದರೆ ಇವತ್ತೇ ಸೆಟ್ಟಿಂಗ್ ಬದಲಿಸಿ.

ಮೂರನೇ ಒಂದಕ್ಕಿಂತ ಹೆಚ್ಚು ಠೇವಣಿ ಇಟ್ಟವರ ಯಂತ್ರಗಳು ಆಫ್‌ಲೈನ್ ಆದರೆ ಫೈನಲೈಸ್ ಆಗುವುದು ನಿಲ್ಲುತ್ತದೆ, ಬ್ಲಾಕ್‌ಗಳು ಮಾತ್ರ ಬರುತ್ತಲೇ ಇರುತ್ತವೆ. ಎಥೀರಿಯಂನಲ್ಲಿ 2023ರ ಮೇ 11 ಮತ್ತು 12ರಂದು ಹೀಗೇ ಆಗಿ, ತಾನಾಗಿಯೇ ಸರಿಹೋಯಿತು. ಕನ್ಫರ್ಮೇಶನ್ ಎಣಿಸುತ್ತಿದ್ದವರಿಗೆ ಎಲ್ಲ ಸರಿಯಿದ್ದಂತೆಯೇ ಕಾಣುವ ಹೊತ್ತು ಅದು. ಅಂಥ ವೇಳೆ ಸರಕು ತಡೆಹಿಡಿಯಿರಿ.

ಹಂತ 4: ನೋಡ್ ನಿಮ್ಮದೇ ಇರಲಿ. ಬಿಟ್‌ಕಾಯಿನ್ ನೋಡ್ 2009ರ ಮೊದಲ ಬ್ಲಾಕಿನಿಂದ ಎಲ್ಲವನ್ನೂ ತಾನೇ ಪರೀಕ್ಷಿಸಿಕೊಳ್ಳಬಲ್ಲದು, ಯಾರನ್ನೂ ನಂಬಬೇಕಿಲ್ಲ. ಸ್ಟೇಕ್‌ನಲ್ಲಿ ಈ ಅನುಕೂಲವಿಲ್ಲ. ಠೇವಣಿ ವಾಪಸ್ ಪಡೆದವರ ಹಳೆಯ ಕೀಲಿ (ಮತಕ್ಕೆ ಸಹಿ ಹಾಕುವ ಗುಪ್ತ ಸಂಕೇತ) ಕೈಗೆ ಸಿಕ್ಕರೆ ಸುಳ್ಳು ಇತಿಹಾಸ ಕಟ್ಟಬಹುದು, ದಂಡ ಹಾಕಲು ಠೇವಣಿಯೇ ಉಳಿದಿರುವುದಿಲ್ಲ. ಆದ್ದರಿಂದ ನೋಡ್ ಅನ್ನು ಇತ್ತೀಚಿನ ಚೆಕ್‌ಪಾಯಿಂಟ್‌ನಿಂದ (ಫೈನಲೈಸ್ ಆದ ಒಂದು ಬ್ಲಾಕ್) ಶುರುಮಾಡಿ, ಅದರ ಬ್ಲಾಕ್ ರೂಟ್ (ಬ್ಲಾಕಿನ ಬೆರಳಚ್ಚಿನಂಥ ಸಂಕೇತ) ಅನ್ನು ಪರಸ್ಪರ ಸಂಬಂಧವಿಲ್ಲದ ಮೂರು ಕಡೆ ತಾಳೆ ನೋಡಿ. ತಿಂಗಳುಗಟ್ಟಲೆ ಆಫ್ ಆಗಿದ್ದ ನೋಡ್‌ಗೂ ಇದೇ ಕ್ರಮ. ರೂಟ್ ಹೊಂದಲಿಲ್ಲವೆಂದು ಗಾಬರಿಯಾಗುವ ಮುನ್ನ ಮೂರರಲ್ಲೂ ಸ್ಲಾಟ್ ಸಂಖ್ಯೆ ಒಂದೇ ಇದೆಯೇ ನೋಡಿಕೊಳ್ಳಿ. ಸ್ಲಾಟ್ ಒಂದೇ ಇದ್ದೂ ರೂಟ್ ಬೇರೆಯಾದರೆ ಆ ನೋಡ್ ಚಾಲೂ ಮಾಡಬೇಡಿ.