ಹೊಲಿಗೆಯಿಲ್ಲದ ಶೂ ಅಪ್ಪರ್ ಹೆಣೆಯುವ ಕ್ರಮ

ಶೂವಿನ ಅಟ್ಟೆಯ ಮೇಲೆ ಪಾದವನ್ನು ಮುಚ್ಚುವ ಭಾಗವನ್ನು ಪಾದರಕ್ಷೆಯ ಕೆಲಸದವರು ಅಪ್ಪರ್ ಎನ್ನುತ್ತಾರೆ. ಚರ್ಮದಿಂದಲೋ ಬಟ್ಟೆಯಿಂದಲೋ ಮಾಡುವ ಸಾಮಾನ್ಯ ಕ್ರೀಡಾ ಶೂವಿನಲ್ಲಿ ಈ ಭಾಗಕ್ಕೆ ಹತ್ತಾರು ತುಂಡುಗಳನ್ನು ಕತ್ತರಿಸಿ, ಅಂಚು ತೆಳುಮಾಡಿ, ಒಂದರ ಮೇಲೊಂದು ಇಟ್ಟು ಹೊಲಿಯಬೇಕಾಗುತ್ತದೆ. ಎರಡು ಪದರ ಕೂಡುವಲ್ಲೆಲ್ಲ ಒಳಗೊಂದು ಉಬ್ಬು ಉಳಿಯುತ್ತದೆ, ಪಾದಕ್ಕೆ ತಾಗುವುದು ಆ ಉಬ್ಬೇ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶಜ್ಞಾನ ಕಡಿಮೆಯಾದವರಿಗೆ ಅದು ಉಜ್ಜಿ ಹುಣ್ಣಾಗುವವರೆಗೂ ತಿಳಿಯುವುದಿಲ್ಲವಾದ್ದರಿಂದ, ಅಂಥವರಿಗೆ ಒಳಹೊಲಿಗೆಯಿಲ್ಲದ ಶೂವನ್ನೇ ವೈದ್ಯರು ಸೂಚಿಸುತ್ತಾರೆ. ಇಡೀ ಅಪ್ಪರನ್ನು ಒಂದೇ ತುಂಡಾಗಿ ಯಂತ್ರದಲ್ಲಿ ಹೆಣೆದರೆ ಈ ಉಬ್ಬುಗಳೂ ತಪ್ಪುತ್ತವೆ, ಕತ್ತರಿಸುವ ಮತ್ತು ಹೊಲಿಯುವ ಮೇಜುಗಳ ಕೆಲಸವೂ ಬಹುಪಾಲು ಇಳಿಯುತ್ತದೆ. 2012ರಲ್ಲಿ ನೈಕಿ ಕಂಪನಿಯ ಫ್ಲೈನಿಟ್ ಮತ್ತು ಅಡಿಡಾಸ್‌ನ ಪ್ರೈಮ್‌ನಿಟ್ ಶೂಗಳು ಮಾರುಕಟ್ಟೆಗೆ ಬಂದ ಮೇಲೆ ಈ ವಿಧಾನ ಎಲ್ಲರ ಗಮನಕ್ಕೆ ಬಂತು. ಸ್ವೆಟರ್ ಹೆಣೆಯುವ ಗಣಕೀಕೃತ ಚಪ್ಪಟೆ ಯಂತ್ರ ಬಲ್ಲವರು ಇಂಥ ಅಪ್ಪರನ್ನು ಹೇಗೆ ಹೆಣೆಯಬಹುದೆಂಬುದನ್ನು ಇಲ್ಲಿ ವಿವರಿಸಿದೆ.

ಮೊದಲು ಒಂದು ಮಾತನ್ನು ಒಪ್ಪಿಕೊಳ್ಳಬೇಕು. ಹೊಲಿಗೆಯಿಲ್ಲದ್ದು ಎಂದು ಕರೆದರೂ ಇದರಲ್ಲಿ ಎರಡು ಹೊಲಿಗೆಗಳು ಉಳಿದೇ ಇರುತ್ತವೆ: ಅಪ್ಪರಿನ ಎರಡು ತುದಿಗಳು ಕೂಡುವಲ್ಲಿ ಒಂದು, ಅದರ ಕೆಳಗಂಚು ಒಳಅಟ್ಟೆಯ ಬಟ್ಟೆಗೆ ಸೇರುವಲ್ಲಿ ಇನ್ನೊಂದು. ಎರಡನೆಯದು ಒಳಹಾಸಿನ ಕೆಳಗೆ ಅಡಗಿರುವುದರಿಂದ ತೊಂದರೆ ಕೊಡುವುದಿಲ್ಲ. ಮೊದಲನೆಯದನ್ನು ಎಲ್ಲಿಡಬೇಕೆಂಬುದೇ ವಿನ್ಯಾಸದ ಮುಖ್ಯ ಪ್ರಶ್ನೆ. ರೂಢಿಯಂತೆ ಅದನ್ನು ಹಿಮ್ಮಡಿಯ ಹಿಂದೆ ಇಡುತ್ತಾರೆ. ಆದರೆ ಪ್ರತಿ ಹೆಜ್ಜೆಗೂ ಚರ್ಮ ಉಜ್ಜುವ ಜಾಗ ಅದೇ ಆಗಿರುವುದರಿಂದ, ಕೂಡುವ ಗೆರೆಯನ್ನು ಪಾದದ ಒಳಬದಿಯ ಕಮಾನಿನ ಕಡೆಗೆ ಸರಿಸುವುದು ಮೇಲೆಂಬುದು ನನ್ನ ಅಭಿಪ್ರಾಯ. ಅಲ್ಲಿ ಚಲನೆ ಕಡಿಮೆ, ಒತ್ತಡವೂ ಕಡಿಮೆ.

ಕೆಲಸವನ್ನು ಕಾಲಿನ ಅಚ್ಚಿನಿಂದ, ಅಂದರೆ ಲಾಸ್ಟ್‌ನಿಂದ ಆರಂಭಿಸಬೇಕೇ ಹೊರತು ಯಂತ್ರದಿಂದಲ್ಲ. ಅಚ್ಚಿನ ಮೇಲೆ ಕಾಗದದ ಟೇಪನ್ನು ಸುಕ್ಕಿಲ್ಲದಂತೆ ಅಂಟಿಸಿ, ಬೆರಳುಗಳ ಬುಡದ ಅಗಲವಾದ ಭಾಗ, ನಾಲಗೆ ಶುರುವಾಗುವ ಜಾಗ, ಕಣಕಾಲಿನ ಕೆಳಗಿನ ಅಂಚು, ಹಿಮ್ಮಡಿ ಅತ್ಯಂತ ಹಿಂದಕ್ಕೆ ಚಾಚಿರುವ ಬಿಂದು, ಇಷ್ಟನ್ನು ಪೆನ್ಸಿಲ್‌ನಿಂದ ಗುರುತಿಸಿ, ಟೇಪನ್ನು ಬಿಡಿಸಿ ಸಮತಟ್ಟಾಗಿ ಹರಡಿದರೆ ನಕ್ಷೆಯ ಮೂಲರೂಪ ಸಿಗುತ್ತದೆ. ಆ ಟೇಪು ಎಲ್ಲಿ ಚಪ್ಪಟೆಯಾಗಲು ಒಪ್ಪದೆ ಎದ್ದು ನಿಲ್ಲುತ್ತದೆಯೋ ಅಲ್ಲಿ ಹೆಣಿಗೆಗೆ ಬೊಗಸೆಯ ಆಕಾರ ಕೊಡಬೇಕೆಂದು ತಿಳಿಯಬೇಕು. ಸಾಮಾನ್ಯವಾಗಿ ಅದು ಹಿಮ್ಮಡಿ ಮತ್ತು ಬೆರಳಿನ ತುದಿಗಳಲ್ಲಿ ಕಾಣುತ್ತದೆ.

ನೂಲನ್ನು ಮೂರು ಕೆಲಸಗಳಿಗಾಗಿ ಆರಿಸಬೇಕಾಗುತ್ತದೆ. ಮೈಗೆ ಪಾಲಿಯೆಸ್ಟರ್ ನೂಲು ಸಾಕು. ಪಾದ ಒಳಹೋಗುವ ಬಾಯಿಯ ಅಂಚಿಗೆ, ಅಂದರೆ ಬಾಯಂಚಿಗೆ, ರಬ್ಬರಿನಂತೆ ಹಿಗ್ಗುವ ಸ್ಪ್ಯಾಂಡೆಕ್ಸ್ ಎಳೆಯ ಮೇಲೆ ನೂಲು ಸುತ್ತಿದ ಹಿಗ್ಗುವ ನೂಲು ಬೇಕು. ಬೆರಳಿನ ತುದಿ, ಹಿಮ್ಮಡಿ ಮತ್ತು ಲೇಸಿನ ಕಣ್ಣುಗಳ ಸುತ್ತ ಬಿಗಿ ಬರಲು ಕಡಿಮೆ ಶಾಖದಲ್ಲಿ ಕರಗುವ ನೂಲನ್ನು ಜೊತೆಗೂಡಿಸಿ ಹೆಣೆಯಬೇಕು. ಸಾಮಾನ್ಯ ಪಾಲಿಯೆಸ್ಟರ್ ಸುಮಾರು 250 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಕರಗಿದರೆ, ಈ ನೂಲುಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವವು 110 ಡಿಗ್ರಿಯ ಆಸುಪಾಸಿನಲ್ಲೇ ಕರಗಿ ಪಕ್ಕದ ಕುಣಿಕೆಗಳನ್ನು ಹಿಡಿದುಕೊಳ್ಳುತ್ತವೆ. ಇದನ್ನು ಎಲ್ಲ ಕಡೆ ಹಾಕುವ ಆಸೆ ಒಳ್ಳೆಯದಲ್ಲ. ಬೆರಳುಗಳು ಮಡಿಯುವ ಗೆರೆಯಲ್ಲಿ ಇದ್ದರೆ ಅಪ್ಪರ್ ಪ್ಲಾಸ್ಟಿಕ್ ಹಾಳೆಯಂತೆ ಮುರಿದು ಮಡಚುತ್ತದೆ, ಆ ಮಡಿಕೆ ಹಳೆಯ ಹೊಲಿಗೆಗಿಂತ ಹೆಚ್ಚು ಚುಚ್ಚುತ್ತದೆ.

ಇನ್ನು ಮಾದರಿ ತುಂಡು. ಉದ್ದೇಶಿತ ನೂಲು, ಉದ್ದೇಶಿತ ಹೆಣಿಗೆ ಮತ್ತು ಉದ್ದೇಶಿತ ಬಿಗಿಯಲ್ಲೇ ಒಂದು ಗೇಣಿಗೆ ಕಡಿಮೆಯಿಲ್ಲದಷ್ಟು ಹೆಣೆದು, ಹಬೆ ಕೊಟ್ಟು, ಒಂದು ದಿನ ಹಾಗೆಯೇ ಬಿಟ್ಟು, ನಂತರ ಅಳೆಯಬೇಕು. ಯಂತ್ರದಿಂದ ಇಳಿದ ಕೂಡಲೇ ಬಟ್ಟೆ ಎಳೆತದಲ್ಲಿರುತ್ತದೆ. ಅವಸರದಲ್ಲಿ ಅಳೆದು ಲೆಕ್ಕ ಹಾಕಿದ ನನ್ನ ಮೊದಲ ಎರಡು ಜೊತೆಗಳು ಮರುದಿನ ಕುಗ್ಗಿ ಅಚ್ಚಿಗೇ ಏರಲಿಲ್ಲ. ಲೆಕ್ಕ ಹೀಗೆ: ಅಚ್ಚಿನ ಅಗಲವಾದ ಭಾಗದಲ್ಲಿ ಒಂದು ಕೆಳಗಂಚಿನಿಂದ ಮೇಲೆ ಹಾದು ಇನ್ನೊಂದು ಕೆಳಗಂಚಿಗೆ 160 ಮಿ.ಮೀ. ಬಂದಿತೆನ್ನಿ. ಹೆಣಿಗೆ ಅಡ್ಡಕ್ಕೆ ಹಿಗ್ಗುವುದರಿಂದ ನೂರಕ್ಕೆ ಐದರಷ್ಟು ತಗ್ಗಿಸಿದರೆ 152. ಹೊಲಿಗೆಯಂಚಿಗೆ ಎರಡೂ ಕಡೆ 8 ಮಿ.ಮೀ. ಸೇರಿಸಿದರೆ 168. ಮಾದರಿಯಲ್ಲಿ 10 ಸೆಂ.ಮೀ.ಗೆ 62 ಕುಣಿಕೆಗಳಿದ್ದರೆ ಆ ಸಾಲಿಗೆ 104 ಸೂಜಿಗಳು ಬೇಕು. ಉದ್ದಕ್ಕೆ ಹಿಗ್ಗು ಕಡಿಮೆಯಾದ್ದರಿಂದ ಅಲ್ಲಿ ನೂರಕ್ಕೆ ಎರಡಕ್ಕಿಂತ ಹೆಚ್ಚು ತಗ್ಗಿಸಬಾರದು. ಅಳತೆ ಹಿಗ್ಗಿಸುವಾಗಲೂ ಇದೇ ದಾರಿ: ಇಂಗ್ಲಿಷ್ ಅಳತೆಯಲ್ಲಿ ಒಂದು ನಂಬರಿಗೂ ಇನ್ನೊಂದಕ್ಕೂ ಅಂಗುಲದ ಮೂರನೆಯ ಒಂದು ಭಾಗ, ಅಂದರೆ 8.46 ಮಿ.ಮೀ. ವ್ಯತ್ಯಾಸ. 10 ಸೆಂ.ಮೀ.ಗೆ 90 ಸಾಲುಗಳಿದ್ದರೆ ಅದು 7.6 ಸಾಲಾಗುತ್ತದೆ. ಸೂಜಿಗಳಿಗೆ ನೂಲು ಒಯ್ಯುವ ವಾಹಕ ಹೊರಟ ಬದಿಗೇ ಮರಳಬೇಕಾದ್ದರಿಂದ 8 ಸಾಲು ಹಾಕಿ, ಐದು ನಂಬರಿಗೊಮ್ಮೆ ಎರಡು ಸಾಲು ಕಳೆದರೆ ಸರಿಹೋಗುತ್ತದೆ.

ಹೆಣಿಗೆಯನ್ನು ಬೆರಳಿನ ತುದಿಯಿಂದ ಆರಂಭಿಸಬೇಕು. ಮೊದಲು ಬಿಸಾಡುವ ನೂಲಿನಲ್ಲಿ ಕೆಲವು ಸಾಲು ಹಾಕಿ, ಎಳೆದು ತೆಗೆಯಬಹುದಾದ ಒಂದು ನುಣುಪು ನೂಲಿನ ಸಾಲಿನ ನಂತರ ನಿಜವಾದ ಅಪ್ಪರ್ ಶುರುಮಾಡಬೇಕು. ಯಂತ್ರದಲ್ಲಿ ಎದುರುಬದುರಾಗಿರುವ ಎರಡು ಸೂಜಿಸಾಲುಗಳಲ್ಲಿ, ಅಂದರೆ ಸೂಜಿಪಟ್ಟಿಗಳಲ್ಲಿ, ಒಂದನ್ನೇ ಬಳಸಿದ ಸಾದಾ ಹೆಣಿಗೆ ಅಂಚಿನಲ್ಲಿ ಸುರುಳಿ ಸುತ್ತುವುದರಿಂದ ಎರಡೂ ಪಟ್ಟಿಗಳಲ್ಲಿ ಇಂಟರ್‌ಲಾಕ್, ಅಂದರೆ ಎರಡೂ ಮೈ ಒಂದೇ ಥರ ಕಾಣುವ ಜೋಡಿ ಹೆಣಿಗೆ, ಹೆಣೆಯುವುದು ಅನುಕೂಲ. ಗಾಳಿಯಾಡಲು ಬೆರಳುಗಳ ಮೇಲ್ಭಾಗದಲ್ಲಿ ಕುಣಿಕೆಯನ್ನು ಪಕ್ಕದ ಸೂಜಿಗೆ ವರ್ಗಾಯಿಸಿ ಸಣ್ಣ ತೂತುಗಳನ್ನು ಬಿಡಬಹುದು. ಹಿಗ್ಗುವುದನ್ನು ತಡೆಯಬೇಕಾದ ಪಕ್ಕೆಗಳಲ್ಲಿ ಒಳಮೈಯಲ್ಲಿ ನೂಲನ್ನು ಸೂಜಿಗೆ ಸಿಕ್ಕಿಸದೆ ಹಾಯಿಸುತ್ತಾರೆ, ಅದನ್ನೇ ಫ್ಲೋಟ್ ಎನ್ನುವುದು. ಇದು ಐದು ಸೂಜಿಗಳಿಗಿಂತ ಉದ್ದವಾದರೆ ಕಾಲು ತೂರಿಸುವಾಗ ಬೆರಳಿನ ಉಗುರು ಅದಕ್ಕೆ ಸಿಕ್ಕಿ, ಹೊರಮೈಯಲ್ಲಿ ಒಂದು ಸಾಲು ಸುಕ್ಕುಗಟ್ಟುತ್ತದೆ. ಶೂವಿನೊಳಗೆ ಕೈ ಹಾಕಿ ಬೆರಳುಗಳನ್ನು ಮಡಚಿ ಉಗುರಿನಿಂದ ಕೆರೆದು ನೋಡುವುದು ಇದಕ್ಕೆ ಅತ್ಯಂತ ಅಗ್ಗದ ಪರೀಕ್ಷೆ.

ಹೊಸಬರು ಹೆಚ್ಚಾಗಿ ಎಡವುವುದು ನೂಲಿನ ತುದಿಗಳ ವಿಷಯದಲ್ಲಿ. ಬಣ್ಣವೋ ನೂಲೋ ಬದಲಾದಾಗಲೆಲ್ಲ ಒಂದು ತುದಿ ಉಳಿಯುತ್ತದೆ, ಅದನ್ನು ಅಪ್ಪರಿನ ನಡುವೆ ಗಂಟು ಹಾಕಿದರೆ ಹೊಲಿಗೆ ತೆಗೆದು ಕಲ್ಲು ಇಟ್ಟಂತಾಗುತ್ತದೆ. ಪ್ರೋಗ್ರಾಮ್ ಬರೆಯುವಾಗಲೇ ಪ್ರತಿ ನೂಲಿನ ಆರಂಭ ಮತ್ತು ಅಂತ್ಯ ಆ 8 ಮಿ.ಮೀ. ಹೊಲಿಗೆಯಂಚಿನೊಳಗೆ ಬೀಳುವಂತೆ ಯೋಜಿಸಿದರೆ, ತುದಿಗಳೆಲ್ಲ ಅಟ್ಟೆಯ ಕೆಳಗೆ ಹೋಗಿ ಸೇರುತ್ತವೆ.

ನಾಲಗೆಯ ಜಾಗ ಬಂದಾಗ ಹೆಣಿಗೆ ಎರಡು ರೆಕ್ಕೆಗಳಾಗಿ ಒಡೆಯುತ್ತದೆ. ಒಳಬದಿಯ ರೆಕ್ಕೆಯನ್ನು ಕಮಾನಿನ ಬಳಿ ಮುಗಿಸಿ, ಹೊರಬದಿಯ ರೆಕ್ಕೆಯನ್ನು ಉದ್ದವಾಗಿ ಮುಂದುವರಿಸಿ, ಹಿಮ್ಮಡಿಯನ್ನು ಸುತ್ತಿ ಬಂದು ಅದನ್ನು ಕೂಡುವಂತೆ ಮಾಡಬೇಕು. ಹಿಮ್ಮಡಿಯ ಬೊಗಸೆ ಹುಟ್ಟುವುದು ಈ ಉದ್ದ ರೆಕ್ಕೆಯ ನಡುವೆ. ಕೈಯಲ್ಲಿ ಕಾಲುಚೀಲ ಹೆಣೆದು ಹಿಮ್ಮಡಿ ತಿರುವಿದವರಿಗೆ ಈ ಉಪಾಯ ಹೊಸದಲ್ಲ: ಮೇಲಂಚಿನ ಮತ್ತು ಕೆಳಗಂಚಿನ ಸೂಜಿಗಳನ್ನು ಒಂದೊಂದಾಗಿ ತಡೆದು ನಿಲ್ಲಿಸುತ್ತ ನಡುವಿನ ಸೂಜಿಗಳಲ್ಲಷ್ಟೇ ಹೆಚ್ಚುವರಿ ಸಾಲುಗಳನ್ನು ಹಾಕಿ, ಆಮೇಲೆ ನಿಂತ ಸೂಜಿಗಳನ್ನು ಒಂದೊಂದಾಗಿ ಮರಳಿ ಕೆಲಸಕ್ಕೆ ತೆಗೆದುಕೊಳ್ಳಬೇಕು. ನಡುವೆ ಸಾಲು ಹೆಚ್ಚಾಗಿ ಅಂಚಿನಲ್ಲಿ ಕಡಿಮೆಯಾದ್ದರಿಂದ ಬಟ್ಟೆ ತಾನಾಗಿ ಉಬ್ಬುತ್ತದೆ. ತಿರುಗುವ ಪ್ರತಿ ಜಾಗದಲ್ಲಿ ಪಕ್ಕದ ನಿಂತ ಸೂಜಿಯ ಮೇಲೆ ನೂಲನ್ನು ಒಮ್ಮೆ ಟಕ್ ಮಾಡದಿದ್ದರೆ, ಅಂದರೆ ಹಳೆಯ ಕುಣಿಕೆಯನ್ನು ಬಿಡಿಸದೆ ಅದರ ಜೊತೆಗೇ ಸಿಕ್ಕಿಸದಿದ್ದರೆ, ಅಲ್ಲೊಂದು ತೂತು ಬೀಳುತ್ತದೆ. ಎಷ್ಟು ಸಾಲು ಹೆಚ್ಚಿಸಬೇಕೆಂಬುದಕ್ಕೆ ಊಹೆ ಬೇಡ. ಅಚ್ಚಿನ ಮೇಲೆ ಹಿಮ್ಮಡಿಯ ನಡುವಿನ ಸುತ್ತಳತೆಯಿಂದ ಬಾಯಂಚಿನ ಸುತ್ತಳತೆಯನ್ನು ಕಳೆದರೆ ಬರುವ ಮಿ.ಮೀ.ಗಳನ್ನು ಸಾಲುಗಳಿಗೆ ಪರಿವರ್ತಿಸಿದರಾಯಿತು.

ರೆಕ್ಕೆಗಳನ್ನು ಕೂಡಿಸಲು ಅಂಚನ್ನು ನೂಲಿನಿಂದ ಸುತ್ತಿ ಹೊಲಿಯುವ ಓವರ್‌ಲಾಕ್ ಬಳಸಬಾರದು, ಅದು ದಪ್ಪ ಉಬ್ಬನ್ನೇ ಬಿಡುತ್ತದೆ. ಕುಣಿಕೆಗೆ ಕುಣಿಕೆ ಸೇರಿಸುವ ಲಿಂಕಿಂಗ್ ಯಂತ್ರ ಉತ್ತಮ. ಅದಿಲ್ಲವಾದರೆ ಅಂಚಿಗೆ ಅಂಚು ತಾಗಿಸಿ ಜಿಗ್‌ಜಾಗ್ ಹೊಲಿದು, ಒಳಗೆ ತೆಳುಪಟ್ಟಿ ಅಂಟಿಸಬಹುದು. ನಂತರ ಬಿಸಿ ಒತ್ತುಯಂತ್ರದಲ್ಲಿ ಕರಗುವ ನೂಲನ್ನು ಕೂರಿಸಬೇಕು. ಶಾಖ ಸಾಲದಿದ್ದರೆ ಬೆರಳಿನ ತುದಿ ಮೆತ್ತಗೇ ಉಳಿಯುತ್ತದೆ. ಹೆಚ್ಚಾದರೆ ಮೈ ಹೊಳೆಯತೊಡಗಿ ಗಾಳಿಯ ದಾರಿ ಮುಚ್ಚುತ್ತದೆ. ಆಮೇಲೆ ಕೆಳಗಂಚನ್ನು ಸ್ಟ್ರೋಬೆಲ್ ಯಂತ್ರದಲ್ಲಿ ಒಳಅಟ್ಟೆಯ ಬಟ್ಟೆಗೆ ಹೊಲಿದು, ಅಚ್ಚಿಗೆ ಏರಿಸಿ, ಅಟ್ಟೆ ಅಂಟಿಸುವುದು ಉಳಿದೆಲ್ಲ ಶೂಗಳಂತೆಯೇ.

ಖರ್ಚಿನ ಬಗ್ಗೆಯೂ ಒಂದು ಮಾತು ಹೇಳಬೇಕು. ಕೂಲಿ ಮತ್ತು ಚಿಂದಿ ಎರಡೂ ಕಡಿಮೆಯಾಗುವುದು ನಿಜ, ಆದರೆ ಯಂತ್ರದ ಹೊತ್ತು ಹೆಚ್ಚುತ್ತದೆ. ಆದ್ದರಿಂದ ಹೆಣೆದ ಆಕಾರವನ್ನೇ ಬಳಸದೆ ಚೌಕ ಹೆಣೆದು ಕತ್ತರಿಸುವವರಿಗೆ ಇದರ ಲಾಭ ಅರ್ಧಕ್ಕರ್ಧ ಕೈತಪ್ಪುತ್ತದೆ. ಮಾರಾಟದ ಯೋಚನೆಯಿದ್ದರೆ ಪೇಟೆಂಟ್‌ಗಳನ್ನು ಮೊದಲೇ ನೋಡಿಕೊಳ್ಳಬೇಕು: ಹೆಣೆದ ಅಪ್ಪರ್ ವಿಷಯದಲ್ಲಿ ನೈಕಿ 2021ರಲ್ಲಿ ಅಡಿಡಾಸ್ ಮೇಲೆ ಅಮೆರಿಕದಲ್ಲಿ ದೂರು ಹೂಡಿತ್ತು, 2022ರಲ್ಲಿ ರಾಜಿಯಾಯಿತು.

ಮೊದಲ ಜೊತೆಯನ್ನು ಸಂಜೆಯ ಹೊತ್ತು, ಪಾದ ತುಸು ಊದಿರುವಾಗ, ಕಾಲುಚೀಲವಿಲ್ಲದೆ ಒಂದು ಗಂಟೆ ಹಾಕಿ ನಡೆದು ಬಿಚ್ಚಬೇಕು. ಚರ್ಮದ ಮೇಲೆ ಕೆಂಪು ಗುರುತು ಮೂಡಿದ ಜಾಗವನ್ನು ಅಪ್ಪರಿನ ಮೇಲೆ ಸೀಮೆಸುಣ್ಣದಿಂದ ಗುರುತಿಸಿ, ಅಲ್ಲಿನ ಸಾಲು ಮತ್ತು ಸೂಜಿಗಳನ್ನು ಎಣಿಸಿ, ಪ್ರೋಗ್ರಾಮಿನಲ್ಲಿ ಆ ನಾಲ್ಕಾರು ಸೂಜಿಗಳ ಕುಣಿಕೆಯನ್ನಷ್ಟೇ ಸಡಿಲಿಸಿ ಮತ್ತೊಮ್ಮೆ ಹೆಣೆಯಬೇಕು.