ವಿಮಾನ ಇಳಿದು ಮೈಸೂರಿಗೆ: ಟ್ಯಾಕ್ಸಿ ಇಲ್ಲದೆ, ನಾನೂರು ರೂಪಾಯಿಯೊಳಗೆ

ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಿಂದ ಹೊರಗೆ ಬಂದ ಕೂಡಲೇ ಕಿವಿಗೆ ಬೀಳುವ ಮೊದಲ ಮಾತು ‘ಟ್ಯಾಕ್ಸಿ ಬೇಕಾ ಸಾರ್?’ ಎಲ್ಲಿಗೆ ಅಂತ ಕೇಳುತ್ತಾರೆ. ಮೈಸೂರು ಅಂದರೆ ಮುಖ ಅರಳುತ್ತದೆ. ಅರಳದೆ ಇರುತ್ತಾ? ದೇವನಹಳ್ಳಿ ಪಕ್ಕದ ಈ ನಿಲ್ದಾಣದಿಂದ ಮೈಸೂರು ಸುಮಾರು 180 ಕಿಲೋಮೀಟರ್. ಟೋಲು, ಡ್ರೈವರ್ ಭತ್ಯೆ ಎಲ್ಲ ಸೇರಿ ಸಾವಿರಗಳ ಲೆಕ್ಕದಲ್ಲೇ ಮಾತು. ಅದೇ ದಾರಿಯನ್ನು ನಾನು 400 ರೂಪಾಯಿಯೊಳಗೆ ಎಷ್ಟೋ ಸಲ ಮುಗಿಸಿದ್ದೇನೆ. ನಮ್ಮ ಅಕ್ಕ ಇನ್ನೂ ಕಡಿಮೆಗೆ ಬಂದಿದ್ದಾಳೆ, ಅದು ಹೇಗೆ ಅಂತ ಮುಂದೆ ಹೇಳುತ್ತೇನೆ.

ಯಾವ ಬಸ್ಸು, ಯಾವ ರೈಲು ಅನ್ನುವುದು ಆಮೇಲಿನ ಮಾತು. ಮೊದಲು ಗೊತ್ತಾಗಬೇಕಾದ್ದು ಎರಡು: ನೀವು ಬಾಗಿಲು ದಾಟಿ ಹೊರಗೆ ಬರುವ ಹೊತ್ತು ಯಾವುದು, ಕೈಯಲ್ಲಿ ಲಗೇಜು ಎಷ್ಟು. ಇವೆರಡು ತಿಳಿದರೆ ದಾರಿ ತಾನಾಗಿಯೇ ಗೊತ್ತಾಗುತ್ತದೆ.

ವಿಮಾನ ಹತ್ತುವ ಮುಂಚೆ

ಟಿಕೆಟ್‌ನಲ್ಲಿ ಬರೆದಿರುವುದು ವಿಮಾನ ನೆಲ ಮುಟ್ಟುವ ಹೊತ್ತು, ನೀವು ಹೊರಗೆ ಬರುವ ಹೊತ್ತಲ್ಲ. ದೇಶದೊಳಗಿನ ವಿಮಾನವಾದರೆ ಮುಕ್ಕಾಲು ಗಂಟೆ ಸೇರಿಸಿ. ಹೊರದೇಶದಿಂದ ಬಂದರೆ ಪಾಸ್‌ಪೋರ್ಟ್ ಸಾಲು, ಸೂಟ್‌ಕೇಸ್ ಕಾಯುವುದು ಎಲ್ಲ ಸೇರಿ ಒಂದೂವರೆ ಗಂಟೆ ಹಿಡಿಯಿರಿ. ಹೊರದೇಶದ ವಿಮಾನಗಳೆಲ್ಲ 2023ರ ಸೆಪ್ಟೆಂಬರ್‌ನಿಂದ ಎರಡನೇ ಟರ್ಮಿನಲ್‌ಗೆ ಬರುತ್ತವೆ. ಒಳನಾಡಿನವು ಎರಡೂ ಕಡೆ ಹಂಚಿಹೋಗಿವೆ. ನಿಮ್ಮದು ಯಾವುದು ಅಂತ ಟಿಕೆಟ್‌ನಲ್ಲಿ ನೋಡಿಟ್ಟುಕೊಳ್ಳಿ. ‘ನಾನು ಒಂದರಲ್ಲಿದೀನಿ, ನೀವೆಲ್ಲಿ?’ ಅಂತ ಫೋನಿನಲ್ಲಿ ಕೂಗಾಡುವುದು ತಪ್ಪುತ್ತದೆ.

ಫೋನಿನಲ್ಲಿ ರೈಲ್ವೆಯವರ ರೈಲ್‌ಒನ್ ಆ್ಯಪ್ ಹಾಕಿಕೊಂಡು ಮನೆಯಲ್ಲೇ ಲಾಗಿನ್ ಮಾಡಿಟ್ಟುಕೊಳ್ಳಿ. ಒಟಿಪಿ ಬರುವ ತನಕ ಸ್ಟೇಷನ್ ಬಾಗಿಲಲ್ಲಿ ನಿಂತಿರುವುದು ಬೇಡ. ಹೊರದೇಶದಿಂದ ಬರುವ ಎಷ್ಟೋ ಜನರ ಹತ್ತಿರ ಇಲ್ಲಿನ ಸಿಮ್ ಇರುವುದಿಲ್ಲ, ಯುಪಿಐ ಕೂಡ ಇರುವುದಿಲ್ಲ. ಅಂಥವರು 100, 200ರ ನೋಟು ಒಂದಷ್ಟು ಜೇಬಿನಲ್ಲಿ ಇಟ್ಟುಕೊಂಡಿರಬೇಕು. ಕಂಡಕ್ಟರ್ ಮುಂದೆ 500ರ ಗರಿಗರಿ ನೋಟು ಹಿಡಿದರೆ ಏನು ಕೇಳಿಸಿಕೊಳ್ಳಬೇಕಾಗುತ್ತದೆ ಅಂತ ನಿಮಗೇ ಗೊತ್ತು.

ನಡುರಾತ್ರಿ, ಜೊತೆಗೆ ವಯಸ್ಸಾದವರು: ಫ್ಲೈಬಸ್

ಇದು ಅಗ್ಗದ ದಾರಿಯಲ್ಲ, ಆರಾಮಿನ ದಾರಿ. ಕೆಎಸ್‌ಆರ್‌ಟಿಸಿಯ ಫ್ಲೈಬಸ್ ನಿಲ್ದಾಣದಿಂದ ನೇರವಾಗಿ ಮೈಸೂರಿಗೆ ಹೋಗುತ್ತದೆ. ಎಸಿ ವೋಲ್ವೊ. ನಡುವೆ ಎಲ್ಲೂ ಗಾಡಿ ಬದಲಿಸಬೇಕಿಲ್ಲ, ಸೂಟ್‌ಕೇಸು ಬಸ್ಸಿನ ಹೊಟ್ಟೆಯೊಳಗೆ ಹೋಗುತ್ತದೆ. ನಾಲ್ಕು ಗಂಟೆ ನಿದ್ದೆ ಮಾಡಿ ಎದ್ದರೆ ಮೈಸೂರು. ರೈಲಿನ ದಾರಿಗೆ ಹೋಲಿಸಿದರೆ ಖರ್ಚು ದುಪ್ಪಟ್ಟಿಗಿಂತ ಜಾಸ್ತಿ. ಆದರೂ ಅಪ್ಪ-ಅಮ್ಮನನ್ನು ರಾತ್ರಿ ಎರಡು ಗಂಟೆಗೆ ಕರೆದುಕೊಂಡು ಬರುವಾಗ ನಾನು ಬೇರೆ ಯೋಚನೆಯನ್ನೇ ಮಾಡುವುದಿಲ್ಲ.

ಒಂದು ಎಚ್ಚರ ಮಾತ್ರ ಬೇಕು. ಮುಂಗಡ ಬುಕ್ ಮಾಡುವಾಗ ಹೊರಗೆ ಬರುವ ಹೊತ್ತಿಗೆ ಸರಿಯಾಗಿ ಬಸ್ಸು ಹಿಡಿಯಬೇಡಿ. ವಿಮಾನ ತಡವಾದರೆ ಬಸ್ಸು ನಿಮಗಾಗಿ ನಿಲ್ಲುವುದಿಲ್ಲ. ಅದರ ನಂತರದ ಬಸ್ಸಿಗೆ ಸೀಟು ಮಾಡಿ. ಬೇಗ ಬಂದರೆ ಕಾಫಿ ಕುಡಿದುಕೊಂಡು ಕೂತರಾಯಿತು. ನಿಲ್ದಾಣದ ಒಳಗೆ ಕಾಫಿಗೆ ಕೊಡುವ ದುಡ್ಡಲ್ಲಿ ಮೈಸೂರು ತಲುಪಬಹುದು, ಆ ಮಾತು ಬೇರೆ.

ಹಗಲು ಹೊತ್ತು: ಕೆಐಎ-9, ಆಮೇಲೆ ರೈಲು

ನನ್ನ ಮಾಮೂಲಿ ದಾರಿ ಇದೇ. ಟರ್ಮಿನಲ್ ಹೊರಗೆ ಬಿಎಂಟಿಸಿಯ ವಾಯು ವಜ್ರ ಬಸ್ಸುಗಳು ನಿಂತಿರುತ್ತವೆ. ಪ್ರತಿಯೊಂದಕ್ಕೂ ಕೆಐಎ ಅಂತ ಶುರುವಾಗುವ ನಂಬರು. ಊರ ನಡುವಿನ ದೊಡ್ಡ ಬಸ್ ನಿಲ್ದಾಣ ಮೆಜೆಸ್ಟಿಕ್‌ಗೆ ಹೋಗುವುದು ಕೆಐಎ-9. ಟಿಕೆಟ್ ಬಸ್ಸಿನೊಳಗೇ ಕೊಡುತ್ತಾರೆ. 250ರಿಂದ 300 ರೂಪಾಯಿ ಆಸುಪಾಸು. ಬೆಳಗಿನ ಜಾವವಾದರೆ ಒಂದು ಗಂಟೆ ಚಿಲ್ಲರೆ ಸಾಕು. ಸಂಜೆ ಹೊತ್ತು ಹೆಬ್ಬಾಳ ದಾಟುವುದೇ ಒಂದು ಸಾಹಸ, ಎರಡು ಗಂಟೆ ಇಟ್ಟುಕೊಳ್ಳಿ.

ಹತ್ತುವ ಮುಂಚೆ ಮುಂದಿನ ಬೋರ್ಡನ್ನು ಕಣ್ಣು ಬಿಟ್ಟು ಓದಿ. ಇದನ್ನು ಹೇಳುವುದಕ್ಕೆ ಕಾರಣವಿದೆ. ಒಮ್ಮೆ ರಾತ್ರಿಯೆಲ್ಲ ನಿದ್ದೆಗೆಟ್ಟು ಬಂದವನು, ಎರಡು ಸೂಟ್‌ಕೇಸು ಎಳೆದುಕೊಂಡು ಹೋಗಿ ಎದುರಿಗೆ ಕಂಡ ನೀಲಿ ಬಸ್ಸು ಹತ್ತಿ ಕೂತೆ. ಕಂಡಕ್ಟರ್ ಬಂದರು. ‘ಒಂದು ಮೆಜೆಸ್ಟಿಕ್’ ಅಂದೆ. ಅವರು ನನ್ನ ಮುಖ ನೋಡಿದರು. ‘ಇದು ಎಂಟು ಸಾರ್. ಎಲೆಕ್ಟ್ರಾನಿಕ್ ಸಿಟಿ. ಹೆಬ್ಬಾಳದಲ್ಲಿ ಇಳ್ಕೊಂಡ್ಬಿಡಿ.’ ಹೆಬ್ಬಾಳದಲ್ಲಿ ಇಳಿದೆ. ಹಿಂದೆ ಬಂದ ಒಂಬತ್ತು ತುಂಬಿ ತುಳುಕುತ್ತಿತ್ತು, ನಿಲ್ಲಲಿಲ್ಲ. ಕೊನೆಗೆ ಸಾದಾ ಸಿಟಿ ಬಸ್ಸು ಹತ್ತಿದೆ. ಪ್ರತಿ ಬ್ರೇಕಿಗೂ ನನ್ನ ದೊಡ್ಡ ಸೂಟ್‌ಕೇಸು ಚಕ್ರ ಉರುಳಿಸಿಕೊಂಡು ಮುಂದಕ್ಕೆ ಓಡುತ್ತಿತ್ತು. ಮುಂದಿನ ಸೀಟಿನಲ್ಲಿ ಹೂವಿನ ಬುಟ್ಟಿ ಇಟ್ಟುಕೊಂಡಿದ್ದ ಒಬ್ಬ ಅಜ್ಜಿ ಎರಡು ಸಲ ನೋಡಿದರು. ಮೂರನೇ ಸಲ ಏನೂ ಮಾತಾಡದೆ ಅದರ ಮೇಲೆ ಒಂದು ಕಾಲು ಊರಿ ಕೂತರು. ಮೆಜೆಸ್ಟಿಕ್ ಬರುವ ತನಕ ಅದು ಅಲ್ಲಾಡಲಿಲ್ಲ.

ಅವತ್ತು ಕಲಿತದ್ದು ಇನ್ನೊಂದಿದೆ. ಹೆಬ್ಬಾಳದಿಂದ ಮೆಜೆಸ್ಟಿಕ್‌ಗೆ ಸಾದಾ ಬಸ್ಸುಗಳು ಬೇಕಾದಷ್ಟಿವೆ. ಬೆನ್ನಿಗೆ ಒಂದೇ ಬ್ಯಾಗು ಇರುವವರಿಗೆ ಒಂಬತ್ತಕ್ಕೇ ಕಾಯುವ ಹಟ ಬೇಡ. ಬೇರೆ ಕೆಐಎ ಬಸ್ಸಿನಲ್ಲಿ ಹೆಬ್ಬಾಳದ ತನಕ ಬಂದು ಅಲ್ಲಿ ಬದಲಿಸಬಹುದು. ಸೂಟ್‌ಕೇಸು ಇದ್ದರೆ ಮಾತ್ರ ಈ ಬುದ್ಧಿವಂತಿಕೆ ಬೇಡ.

ಮೆಜೆಸ್ಟಿಕ್‌ನಲ್ಲಿ ಇಳಿದರೆ ರಸ್ತೆಯ ಆ ಕಡೆಗೇ ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ ರೈಲು ನಿಲ್ದಾಣ. ನಮ್ಮ ಬಾಯಲ್ಲಿ ಈಗಲೂ ಸಿಟಿ ಸ್ಟೇಷನ್. ನಡೆದೇ ಹೋಗಬಹುದು. ಇಲ್ಲಿಂದ ಮೈಸೂರಿಗೆ ಸುಮಾರು 138 ಕಿಲೋಮೀಟರ್. ಜನರಲ್ ಟಿಕೆಟ್ 100 ರೂಪಾಯಿ ಒಳಗೇ ಆಗುತ್ತದೆ. ಕೌಂಟರಿನ ಸಾಲು ಬಾಗಿಲ ತನಕ ಬಂದಿದ್ದರೆ ಗಾಬರಿ ಬೇಡ. ಆ್ಯಪ್‌ನಲ್ಲಿ ತೆಗೆಯಿರಿ, ಇಲ್ಲವೇ ಟಿಕೆಟ್ ಮಷೀನ್ ಪಕ್ಕ ಸಹಾಯಕ್ಕೆ ನಿಂತವರ ಹತ್ತಿರ ತೆಗೆಸಿಕೊಳ್ಳಿ. ಜನರಲ್ ಟಿಕೆಟ್ಟನ್ನು ತೀರ ಮುಂಚೆ ತೆಗೆದಿಟ್ಟುಕೊಳ್ಳುವುದೂ ಬೇಡ. 200 ಕಿಲೋಮೀಟರ್ ಒಳಗಿನ ದೂರಕ್ಕೆ ಅದು ಸಾಮಾನ್ಯವಾಗಿ ಮೂರು ಗಂಟೆ ಮಾತ್ರ ನಡೆಯುತ್ತದೆ. ವಿಮಾನ ನಿಲ್ದಾಣದಲ್ಲಿ ಕೂತು ತೆಗೆದು, ಹೆಬ್ಬಾಳದ ಟ್ರಾಫಿಕ್‌ನಲ್ಲಿ ಅದನ್ನು ಕಳೆದುಕೊಂಡವರಿದ್ದಾರೆ.

ವಂದೇ ಭಾರತ್‌ಗೂ ಶತಾಬ್ದಿಗೂ ಈ ಟಿಕೆಟ್ ನಡೆಯುವುದಿಲ್ಲ, ತಪ್ಪಿಯೂ ಹತ್ತಬೇಡಿ. ಉಳಿದವುಗಳಲ್ಲಿ ಬೆಂಗಳೂರಿನಲ್ಲೇ ಹುಟ್ಟುವ ಗಾಡಿ ಹುಡುಕಿ. ಚಾಮುಂಡಿ, ಮೆಮು ಅನ್ನುವ ಲೋಕಲ್ ಗಾಡಿ, ಮೊದಲು ಟಿಪ್ಪು ಅಂತಿದ್ದು 2022ರಲ್ಲಿ ಹೆಸರು ಬದಲಾದ ಒಡೆಯರ್, ಇಂಥವು. ಎಲ್ಲಿಂದಲೋ ರಾತ್ರಿಯೆಲ್ಲ ಓಡಿಬರುವ ಗಾಡಿ ಯಾವಾಗ ಬರುತ್ತದೋ ಅದರ ದಾರಿಗೇ ಗೊತ್ತು. ಬಂದರೂ ಜನರಲ್ ಬೋಗಿಯಲ್ಲಿ ಕಾಲಿಡುವ ಜಾಗ ಇರುವುದಿಲ್ಲ. ಮೆಮುವಿನಲ್ಲಿ ಎಲ್ಲ ಬೋಗಿಯೂ ಜನರಲ್ಲೇ. ಎಲ್ಲ ಕಡೆ ನಿಲ್ಲುತ್ತದೆ, ಒಂದರ್ಧ ಗಂಟೆ ಜಾಸ್ತಿ ಹಿಡಿಯುತ್ತದೆ, ಆದರೆ ಹಗಲು ಹೊತ್ತು ಲಗೇಜಿಗೂ ಜಾಗ ಸಿಗುತ್ತದೆ.

ಈ ದಾರಿಯನ್ನು ನಾನು ಬಿಡದಿರುವುದಕ್ಕೆ ದುಡ್ಡೊಂದೇ ಕಾರಣವಲ್ಲ. ರಾಮನಗರದ ಬಂಡೆಗಳು ಹಿಂದಕ್ಕೆ ಸರಿದು, ಚನ್ನಪಟ್ಟಣ ದಾಟಿದ ಮೇಲೆ ಬೋಗಿಯಲ್ಲಿ ಒಂದು ವಾಸನೆ ಬರುತ್ತದೆ. ಆಮೇಲೆ ದನಿ: ‘ವಡೇ... ಮದ್ದೂರ್ ವಡೇ...’ ಕಾಗದದ ಚೂರಿನ ಮೇಲೆ ಕೈಯಗಲದ ವಡೆ, ಬದಿಯಲ್ಲಿ ಸೀದು ಕಪ್ಪಾದ ಈರುಳ್ಳಿ. ಆ ಈರುಳ್ಳಿಯೇ ರುಚಿ. ವಿಮಾನದಲ್ಲಿ ಕೊಟ್ಟ ಸ್ಯಾಂಡ್‌ವಿಚ್ಚಿನ ನೆನಪು ಅಲ್ಲಿಗೆ ಅಳಿಸಿಹೋಗುತ್ತದೆ. ಶ್ರೀರಂಗಪಟ್ಟಣ ದ್ವೀಪವಾದ್ದರಿಂದ ಗಾಡಿ ಎರಡು ಸಲ ಕಾವೇರಿ ದಾಟುತ್ತದೆ. ಅಲ್ಲಿ ಜೋಡಿ ಹಳಿ ಹಾಕುವಾಗ ಟಿಪ್ಪುವಿನ ಕಾಲದ ಮದ್ದಿನ ಮನೆಯೊಂದು ದಾರಿಗೆ ಅಡ್ಡ ಬಂದಿತ್ತು. ಒಡೆಯಲಿಲ್ಲ. 2017ರಲ್ಲಿ ಆ ಕಟ್ಟಡವನ್ನು ಇಡಿಯಾಗಿ ಎತ್ತಿ ನೂರು ಮೀಟರಿಗೂ ಆಚೆ ಕೂರಿಸಿದರು. ಎರಡು ಸೂಟ್‌ಕೇಸು ಸಾಗಿಸುವುದಕ್ಕೆ ನಾವು ಪಡುವ ಪಾಡು ನೆನೆದರೆ ನಗು ಬರುತ್ತದೆ.

ರೈಲು ಸಿಗದಿದ್ದರೆ: ಸ್ಯಾಟಲೈಟ್

ರಾತ್ರಿ ಹೊತ್ತು ರೈಲು ಕಡಿಮೆ, ನಡುವೆ ಬಿಡುವು ಜಾಸ್ತಿ. ಬಸ್ಸು ಹಾಗಲ್ಲ. ಮೈಸೂರು ರಸ್ತೆಯ ಸ್ಯಾಟಲೈಟ್ ಬಸ್ ನಿಲ್ದಾಣದಿಂದ ಹಗಲೂ ರಾತ್ರಿ ಮೈಸೂರು ಬಸ್ಸುಗಳು ಹೊರಡುತ್ತಲೇ ಇರುತ್ತವೆ. ಮೆಟ್ರೊ ಓಡುವ ಹೊತ್ತಾದರೆ ಮೆಜೆಸ್ಟಿಕ್‌ನಿಂದ ಅಲ್ಲಿಗೆ ಅದೇ ಸುಲಭ. ನೇರಳೆ ಮಾರ್ಗದಲ್ಲಿ ಚಲ್ಲಘಟ್ಟ ಕಡೆಯ ರೈಲು ಹತ್ತಿ, ಆರನೇ ನಿಲ್ದಾಣ ದೀಪಾಂಜಲಿ ನಗರದಲ್ಲಿ ಇಳಿಯಿರಿ. ಮುಂದಿನ ನಿಲ್ದಾಣದ ಹೆಸರು ಮೈಸೂರು ರಸ್ತೆ ಅಂತಲೇ ಇದೆ. ಹೆಸರು ನೋಡಿ ಮೋಸ ಹೋಗಬೇಡಿ, ಸ್ಯಾಟಲೈಟ್‌ಗೆ ಹತ್ತಿರ ದೀಪಾಂಜಲಿ ನಗರವೇ. ಮೆಟ್ರೊದಲ್ಲಿ ಲಗೇಜಿಗೆ 15 ಕೆಜಿ ಮಿತಿಯಿದೆ. ದೊಡ್ಡ ಸೂಟ್‌ಕೇಸಿದ್ದರೆ ಸಿಟಿ ಬಸ್ಸು ಅಥವಾ ಆಟೊ ನೋಡಿ.

ಸ್ಯಾಟಲೈಟ್‌ನಲ್ಲಿ ಐರಾವತ, ರಾಜಹಂಸ, ಎಲೆಕ್ಟ್ರಿಕ್ ಬಸ್ಸು ಎಲ್ಲ ಸಿಗುತ್ತವೆ. ಅಗ್ಗ ಬೇಕಿದ್ದರೆ ಸಾದಾ ಕೆಂಪು ಬಸ್ಸು. 2025ರ ಜನವರಿಯಲ್ಲಿ ದರ ಶೇ 15ರಷ್ಟು ಏರಿದ ಮೇಲೂ 200 ರೂಪಾಯಿ ಆಸುಪಾಸಿನಲ್ಲೇ ಇದೆ. ‘ನಾನ್‌ಸ್ಟಾಪಾ?’ ಅಂತ ಕೇಳಿಯೇ ಹತ್ತಿ. ಅಲ್ಲದಿದ್ದರೆ ಬಸ್ಸು ದಶಪಥ ಹೆದ್ದಾರಿ ಬಿಟ್ಟು ಊರೂರು ಹೊಕ್ಕು ಹೋಗುತ್ತದೆ, ಒಂದು ಗಂಟೆ ಜಾಸ್ತಿ.

ನಮ್ಮ ಅಕ್ಕನ ಗುಟ್ಟು ಇರುವುದು ಇಲ್ಲೇ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದ ಹೆಣ್ಣುಮಕ್ಕಳಿಗೆ ಸಾದಾ ಸರ್ಕಾರಿ ಬಸ್ಸು ಉಚಿತ. ಸ್ಯಾಟಲೈಟ್‌ನಿಂದ ಮೈಸೂರಿಗೆ ಕೆಂಪು ಬಸ್ಸಿನಲ್ಲಿ ಅವಳಿಗೆ ಒಂದು ರೂಪಾಯಿ ಖರ್ಚಿಲ್ಲ. ಹೆಬ್ಬಾಳದಿಂದ ಮೆಜೆಸ್ಟಿಕ್‌ಗೆ ಸಾದಾ ಬಿಎಂಟಿಸಿ ಹಿಡಿದರೆ ಅದೂ ಉಚಿತ. ಅವಳು ದುಡ್ಡು ಕೊಡುವುದು ವಿಮಾನ ನಿಲ್ದಾಣದಿಂದ ಹೆಬ್ಬಾಳದವರೆಗೆ ಮಾತ್ರ. ವಾಯು ವಜ್ರ, ರಾಜಹಂಸ, ಐರಾವತ, ಫ್ಲೈಬಸ್ ಯಾವುದಕ್ಕೂ ಶಕ್ತಿ ನಡೆಯುವುದಿಲ್ಲ. ಕರ್ನಾಟಕದ ವಿಳಾಸ ಇರುವ ಗುರುತಿನ ಚೀಟಿ ಬೇಕು. ಅಸಲಿ ಕಾರ್ಡನ್ನೇ ಇಟ್ಟುಕೊಂಡಿರಿ, ಬ್ಯಾಗಿನ ಮೇಲಿನ ಜೇಬಿನಲ್ಲಿ. ತಳದಲ್ಲಿಟ್ಟು ಬಸ್ಸಿನೊಳಗೆ ಸೂಟ್‌ಕೇಸು ಬಿಚ್ಚಿ ಕೂತವರನ್ನು ನಾನು ನೋಡಿದ್ದೇನೆ.

ಪುಟ್ಟ ಸ್ಟೇಷನ್ನಿನ ವಿಷಯ

ವಿಮಾನ ನಿಲ್ದಾಣದ ಹತ್ತಿರವೇ ಒಂದು ಪುಟ್ಟ ರೈಲು ನಿಲ್ದಾಣ ಇದೆ. 2021ರ ಜನವರಿಯಲ್ಲಿ ಶುರುವಾದದ್ದು. ಅಲ್ಲಿಂದ ಊರೊಳಗೆ ಬರುವ ಟಿಕೆಟ್ಟು ಒಂದು ಕಾಫಿಯಷ್ಟೂ ಆಗುವುದಿಲ್ಲ. ಕೇಳುವುದಕ್ಕೆ ಚೆನ್ನಾಗಿದೆ. ಆದರೆ ದಿನಕ್ಕೆ ಬೆರಳೆಣಿಕೆಯ ಗಾಡಿಗಳು. ನಿಮ್ಮ ಹೊತ್ತಿಗೆ ಒಂದು ಕೂಡಿಬಂದರೆ ಅದೃಷ್ಟ ಅಂದುಕೊಂಡು ಹತ್ತಿ. ಅದನ್ನೇ ನೆಚ್ಚಿಕೊಂಡು ಯೋಜನೆ ಹಾಕಬೇಡಿ.

ಮೈಸೂರಿನಲ್ಲಿ ಇಳಿದ ಮೇಲೆ

ಫ್ಲೈಬಸ್ಸೂ ಕೆಂಪು ಬಸ್ಸೂ ಬಂದು ನಿಲ್ಲುವುದು ಗ್ರಾಮಾಂತರ ಬಸ್ ನಿಲ್ದಾಣಕ್ಕೆ. ಬಡಾವಣೆಗಳಿಗೆ ಹೋಗುವ ಬಸ್ಸುಗಳು ಸಿಗುವುದು ಅರಮನೆ ಹತ್ತಿರದ ಸಿಟಿ ಬಸ್ ನಿಲ್ದಾಣದಲ್ಲಿ. ಎರಡೂ ಒಂದೇ ಅಂದುಕೊಂಡು ಹೊಸಬರು ಎಡವುವುದು ಇಲ್ಲೇ. ರೈಲಿನಲ್ಲಿ ಬಂದವರಿಗೆ ಸ್ಟೇಷನ್ ಮುಂದೆ ಪ್ರೀಪೇಯ್ಡ್ ಆಟೊ ಕೌಂಟರ್ ಇದೆ. ಲಗೇಜು ಹಗುರ ಇದ್ದರೆ ಸಿಟಿ ಬಸ್ ನಿಲ್ದಾಣಕ್ಕೆ ಇಪ್ಪತ್ತು ನಿಮಿಷದ ನಡಿಗೆ, ಅಷ್ಟೇ.

ವಾಪಸ್ ಹೋಗುವಾಗ ಮಾತ್ರ ನಾನು ಇಷ್ಟು ಲೆಕ್ಕ ಹಾಕುವುದಿಲ್ಲ. ಬರುವಾಗ ಎರಡು ಗಂಟೆ ತಡವಾದರೆ ಮನೆಯಲ್ಲಿ ಅನ್ನ ಆರುತ್ತದೆ. ಹೋಗುವಾಗ ತಡವಾದರೆ ವಿಮಾನವೇ ಹೋಗಿಬಿಡುತ್ತದೆ. ಆವತ್ತು ಗ್ರಾಮಾಂತರ ನಿಲ್ದಾಣದಿಂದ ಫ್ಲೈಬಸ್ಸು, ಅದೂ ನನಗೆ ಸಾಕು ಅನ್ನಿಸಿದ್ದಕ್ಕಿಂತ ಒಂದು ಬಸ್ಸು ಮುಂಚಿನದು.